ತೀರ್ಥ ಬಿಡುವ ಹೊತ್ತು

ಕಳೆದ ವಾರ ನನ್ನ ದೊಡ್ಡವ್ವ ಸಾಯಲಿಲ್ಲ.

ಇದೂ ಒಂದು ಸುದ್ದಿಯೇ ಎಂದು ಕೇಳಬೇಡಿ. ಸಾಯದೆ ಇರುವುದು ದೊಡ್ಡವ್ವನ ಬಹಳ ವರ್ಷಗಳ ಅಭ್ಯಾಸ, ಒಪ್ಪುತ್ತೇನೆ. ಆದರೆ ಕಳೆದ ವಾರ ಒಂದಿಡೀ ದಿನ ಅವಳು ಸಾಯುವುದಕ್ಕೆ ಬೇಕಾದ ಏರ್ಪಾಡೆಲ್ಲ ಆಗಿತ್ತು. ಕಾವೇರಿ ತೀರ್ಥ ಬಂದಿತ್ತು. ಬಿಳಿ ಬಟ್ಟೆ ಬಂದಿತ್ತು. ಊರಿನಲ್ಲಿ ಬಂದೂಕಿಗೆ ಎಣ್ಣೆ ಹಾಕಿ ಇಟ್ಟಾಗಿತ್ತು. (ಹೊರಗಿನ ಓದುಗರಿಗೆ: ನಮ್ಮ ಕಡೆ ಮನೆಯಲ್ಲಿ ಸಾವಾದರೆ ಒಂದರ ಹಿಂದೆ ಒಂದು ಎರಡು ಗುಂಡು ಹಾರಿಸುತ್ತಾರೆ. ಕೇಳಿದವರು ಕೈಯಲ್ಲಿದ್ದ ಕೆಲಸ ಬಿಟ್ಟು ಹೊರಡುತ್ತಾರೆ. ತಂತಿ ಕಚೇರಿಗಿಂತ ಬೇಗ.)

ಎಲ್ಲಕ್ಕಿಂತ ಮುಖ್ಯವಾಗಿ, ಸಾಯಬೇಕಾದವಳ ಒಪ್ಪಿಗೆಯೂ ಇತ್ತು. ತನಗೆ ಏನು ಮಾಡಬೇಕು, ಏನು ಮಾಡಬಾರದು ಎಂದು ದೊಡ್ಡವ್ವ ಮೊದಲೇ ಹೇಳಿಟ್ಟಿದ್ದಳು. ಅದಕ್ಕೆ ಸಾಕ್ಷಿ ಯಾರು? ನಾನು.

ದೊಡ್ಡವ್ವ ಎಂದರೆ ನನ್ನ ತಾಯಿಯ ಅಕ್ಕ. ಭಾಗಮಂಡಲದಿಂದ ಆಚೆ, ಕರಿಕೆಗೆ ಹೋಗುವ ದಾರಿಯಲ್ಲಿ ಮನೆ. ಮಗ ಕುಶಾಲಪ್ಪ, ಸೊಸೆ ಲೀಲಾವತಿ ಜೊತೆಗಿದ್ದಾರೆ. ಗದ್ದೆಯ ಆ ಬದಿಗೆ ಅವಳ ತಮ್ಮ, ನನ್ನ ಸೋದರಮಾವ ಪೂವಯ್ಯನ ಮನೆ. ಅತ್ತೆ ಸೊಸೆ ಮಾತಾಡುವುದನ್ನು ದೂರದಿಂದ ಕೇಳಿದರೆ ನೀವು ಜಗಳವೆಂದು ತಿಳಿಯುತ್ತೀರಿ. (ಹತ್ತಿರದಿಂದ ಕೇಳಿದರೆ ಖಾತ್ರಿಯಾಗುತ್ತದೆ.) ಉಪ್ಪಿನಕಾಯಿ ಭರಣಿಯ ಬಾಯಿಗೆ ಯಾವ ಬಟ್ಟೆ ಕಟ್ಟಬೇಕು, ಕೋಳಿ ಗೂಡಿನ ಬಾಗಿಲು ಯಾವಾಗ ಮುಚ್ಚಬೇಕು, ಒಂದರಲ್ಲೂ ಇಬ್ಬರೂ ಒಪ್ಪಿದ್ದನ್ನು ನಾನು ಕಂಡಿಲ್ಲ.

ದೊಡ್ಡಪ್ಪ ತೀರಿಕೊಂಡದ್ದು ಆಸ್ಪತ್ರೆಯಲ್ಲಿ. ಮೂಗಿಗೆ ರಬ್ಬರ್ ಕೊಳವೆ ಹಾಕಿದ್ದರು. ಅಲ್ಲಿಯ ಡಾಕ್ಟರು ಇನ್ನೂ ಸ್ವಲ್ಪ ನೋಡೋಣ, ಇನ್ನೂ ಸ್ವಲ್ಪ ನೋಡೋಣ ಎನ್ನುತ್ತಲೇ ಇದ್ದರು. ನೋಡುತ್ತಿದ್ದ ಹಾಗೆಯೇ ದೊಡ್ಡಪ್ಪ ಹೋದರು. ಪೂವಯ್ಯ ಮಾವ ಊರಿನಿಂದ ತೀರ್ಥ ತೆಗೆದುಕೊಂಡು ಬಸ್ಸು ಹಿಡಿದು ಓಡಿ ಬರುವಷ್ಟರಲ್ಲಿ ಗಲ್ಲಕ್ಕೆ ಬಟ್ಟೆ ಕಟ್ಟಿಯಾಗಿತ್ತು. ಕಾವೇರಿಯ ಮಡಿಲಲ್ಲಿ ಹುಟ್ಟಿ ಬೆಳೆದವರ ಬಾಯಿಗೆ ಕೊನೆಗೆ ಒಂದು ಹನಿ ಕಾವೇರಿ ಬೀಳಲಿಲ್ಲ. ದೊಡ್ಡವ್ವ ಇದನ್ನು ಮರೆಯಲಿಲ್ಲ. ಮಾವನೂ ಮರೆಯಲಿಲ್ಲ.

ಅಂದಿನಿಂದ ಪ್ರತಿ ತುಲಾ ಸಂಕ್ರಮಣದಂದು, ತಲಕಾವೇರಿಯಿಂದ ಹೊಸ ತೀರ್ಥ ಮನೆಗೆ ಬಂದು ಗಿಂಡಿಯ ಬಾಯಿ ಕಟ್ಟಿ ದೇವರ ಮೂಲೆಯಲ್ಲಿಟ್ಟ ಕೂಡಲೇ, ದೊಡ್ಡವ್ವನ ಭಾಷಣ ಶುರುವಾಗುತ್ತಿತ್ತು.

"ಎಲ್ಲ ಕೇಳಿ. ನಂಗೆ ಕಣ್ಣ್ ಬಿಡಿಕೆ ಆಗದೆ, ಬಾಯಿಲಿ ಮಾತ್ ಬಾರದೆ, ಉಸಿರ್ ಸಿಕ್ಕಿಕೆ ಶುರು ಆದರೆ, ಮತ್ತೆ ಡಾಕ್ಟ್ರು ಗೀಕ್ಟ್ರು ಬೇಡ. ಕೊಳವೆ ಹಾಕಿ ನನ್ನ ಎಳ್ಕಂಡ್ ಕೂರ್ಬೇಡಿ. ತೀರ್ಥ ಬಿಡಿ. ಸಾಕ್."

ಹೀಗೆ ಹೇಳಿದಳು ಎಂದು ಬರೆದುಬಿಟ್ಟೆ. ಹೀಗೆಯೇ ಹೇಳಿದಳೇ? ನಾನು ದಿನಚರಿ ಬರೆಯುವವನು. ಈ ಅಂಕಣ ಓದುವವರಿಗೆ ಅದು ಗೊತ್ತು, ಬೇಸರವೂ ಬಂದಿರಬಹುದು. ಮೊನ್ನೆ ಹಳೆಯ ದಿನಚರಿ ತಿರುವಿ ಹಾಕಿದೆ. ಸಂಕ್ರಮಣದ ದಿನ ನಾನು ಬರೆದಿಟ್ಟದ್ದು ಇಷ್ಟು: "ದೋಸೆ, ಕುಂಬಳಕಾಯಿ ಪಲ್ಯ. ಬಸ್ಸು ತಡ." ಮದರಾಸಿನಲ್ಲಿ ಓದಿ ಪದವಿ ಪಡೆದವನ ದಾಖಲೆ ಇದು! ಒಬ್ಬ ಹೆಂಗಸು ತನ್ನ ಸಾವಿನ ಬಗ್ಗೆ ಮನೆಮಂದಿಗೆ ತಾಕೀತು ಮಾಡುತ್ತಿದ್ದಾಗ ನಾನು ಪಲ್ಯವನ್ನು ನೆನಪಿಟ್ಟುಕೊಂಡಿದ್ದೆ.

ಈಗ ಕಳೆದ ವಾರಕ್ಕೆ ಬರುತ್ತೇನೆ.

ಗದ್ದೆ ಕೊಯ್ಲು ಮುಗಿದು ಹುಲ್ಲಿನ ಮೆದೆ ಹಾಕಿ ಕೆಲವೇ ದಿನ ಆಗಿತ್ತು. ಬೆಳಿಗ್ಗೆ ಹಸುವಿಗೆ ಹುಲ್ಲು ಎಳೆಯಲು ದೊಡ್ಡವ್ವ ಮೆದೆಗೆ ಕೈ ಹಾಕಿದ್ದಾಳೆ. ಒಳಗಿದ್ದದ್ದು ನಾಗರಹಾವು. ಬೆರಳಿಗೆ ಕಚ್ಚಿತು. ಅವಳು ಕಿರುಚಲಿಲ್ಲವಂತೆ. "ಸರ್ಪ" ಎಂದಳಂತೆ, ಯಾರೋ ನೆಂಟರು ಬಂದಿದ್ದಾರೆ ಎನ್ನುವ ಹಾಗೆ.

ಲೀಲಾವತಿ ಓಡಿಹೋಗಿ ಪಕ್ಕದ ಎಸ್ಟೇಟಿನ ಜೀಪು ನಿಲ್ಲಿಸಿದಳು. ದೊಡ್ಡವ್ವ ಜೀಪು ಹತ್ತಿದ್ದು ತನ್ನ ಕಾಲಿನಲ್ಲೇ. ಬೈಯುತ್ತಾ ಹತ್ತಿದಳು. ಆಸ್ಪತ್ರೆ ಬೇಡ ಎಂದು ಆಗ ಹೇಳಿದಳೇ? ಇಲ್ಲ. ಸೆರಗು ಜೀಪಿನ ಬಾಗಿಲಿಗೆ ಸಿಕ್ಕಿಕೊಂಡಿತೆಂದು ಸೊಸೆಗೆ ಬೈದಳು, ಅಷ್ಟೆ. ಭಾಗಮಂಡಲ ದಾಟುವಾಗ ಕಣ್ಣು ಭಾರವಾಗುತ್ತಿದೆ ಎಂದಳು. ಇನ್ನೊಂದಿಷ್ಟು ದೂರಕ್ಕೆ ನಾಲಿಗೆ ದಪ್ಪವಾಯಿತು. ಮಡಿಕೇರಿ ತಲಪುವಾಗ ರೆಪ್ಪೆ ಪೂರ್ತಿ ಮುಚ್ಚಿತ್ತು. ಮಾತಿಲ್ಲ. ಸುದ್ದಿ ತಿಳಿದು, ಮಡಿಕೇರಿಯಲ್ಲೇ ಇರುವ ನಾನು ಆಸ್ಪತ್ರೆಗೆ ಹೋದಾಗ ಹೆಂಗಸರ ವಾರ್ಡಿನ ಮೂಲೆಯಲ್ಲಿ ಬಟ್ಟೆಯ ಪರದೆ ಎಳೆದಿದ್ದರು.

ಡಾಕ್ಟರು ಹೊಸಬರು. ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಬಯಲುಸೀಮೆಯಿಂದ ವರ್ಗವಾಗಿ ಬಂದವರು. ಬಿಸಿಲಿನಲ್ಲೂ ಕುತ್ತಿಗೆಗೆ ಮಫ್ಲರ್ ಸುತ್ತಿಕೊಳ್ಳುತ್ತಾರೆ. (ಮೈಸೂರಿಗೆ ಸೇರಿ ನಮಗೆ ಏನು ಸಿಕ್ಕಿತು ಎಂದು ಪೂವಯ್ಯ ಮಾವ ಸಿಕ್ಕಲ್ಲೆಲ್ಲ ಕೇಳುತ್ತಾನೆ. ಇವರು ಸಿಕ್ಕಿದ್ದಾರೆ ಎಂದು ಇನ್ನು ಮುಂದೆ ಹೇಳುತ್ತೇನೆ.)

"ನೋಡ್ರೀ, ವಿಷ ನರಕ್ಕೆ ಹತ್ತಿದೆ" ಎಂದರು. "ರೆಪ್ಪೆ ಎತ್ತೋ ಶಕ್ತಿ ಇಲ್ಲ, ನಾಲಿಗೆ ಆಡ್ಸೋ ಶಕ್ತಿ ಇಲ್ಲ, ಈಗ ಎದೆ ಎತ್ತೋ ಶಕ್ತೀನೂ ಹೋಗಿದೆ. ವಿಷ ಇಳಿಸೋ ಸೀರಂ ಕೊಟ್ಟಿದೀನಿ. ಅದು ಕೆಲ್ಸ ಮಾಡೋವರ್ಗೂ ಆಕೆ ಬದ್ಲು ನಾವು ಉಸಿರಾಡ್ಬೇಕು."

ಅದಕ್ಕೆ ಅವರ ಬಳಿ ಇದ್ದದ್ದು ಆಪರೇಷನ್ ಕೋಣೆಯಿಂದ ತಂದ ಒಂದು ಕಪ್ಪು ರಬ್ಬರ್ ಚೀಲ. ಅದರ ತುದಿಗೆ ಮೂಗು ಬಾಯಿ ಮುಚ್ಚುವ ಮುಖವಾಡ. ಪಕ್ಕದಲ್ಲಿ ಆಮ್ಲಜನಕದ ಸಿಲಿಂಡರ್. ಚೀಲ ಒತ್ತಿದರೆ ದೊಡ್ಡವ್ವನ ಎದೆ ಏಳುತ್ತದೆ. ಬಿಟ್ಟರೆ ಇಳಿಯುತ್ತದೆ. ಒತ್ತದಿದ್ದರೆ? ಏಳುವುದಿಲ್ಲ. ಮಲಯಾಳಿ ನರ್ಸಮ್ಮ ನಮಗೆ ಕಲಿಸಿಕೊಟ್ಟರು. ಅವರು, ಕುಶಾಲಪ್ಪ, ನಾನು, ಸರದಿಯ ಮೇಲೆ ಒತ್ತಿದೆವು.

ಇನ್ನೊಬ್ಬರ ಉಸಿರನ್ನು ನೀವು ಎಂದಾದರೂ ಕೈಯಲ್ಲಿ ಹಿಡಿದಿದ್ದೀರಾ? ಬೆರಳು ಜೋಮು ಹಿಡಿಯುತ್ತದೆ. ಹೆಬ್ಬೆರಳಿನ ಬುಡ ಉರಿಯುತ್ತದೆ. ಮೂಗು ತುರಿಸಿದರೂ ತುರಿಸಿಕೊಳ್ಳುವ ಹಾಗಿಲ್ಲ. ಮನಸ್ಸು ಎಲ್ಲೆಲ್ಲೋ ಹೋಗುತ್ತದೆ, ನಿಜ ಹೇಳಬೇಕೆಂದರೆ ಈ ವಾರದ ಅಂಕಣದ ಕಡೆಗೂ ಹೋಯಿತು. ಆದರೆ ಕೈ ಮಾತ್ರ ಎಲ್ಲಿಗೂ ಹೋಗುವಂತಿಲ್ಲ.

ಕುಶಾಲಪ್ಪನ ಸರದಿ ನಡೆಯುತ್ತಿದ್ದಾಗ ಪೂವಯ್ಯ ಮಾವ ಬಂದ. ಬಸ್ಸಿನ ಧೂಳು ಮೈಮೇಲೆ. ಕಂಕುಳಲ್ಲಿ ಬಿಳಿ ಬಟ್ಟೆಯ ಗಂಟು. ಎರಡು ಕೈಯಲ್ಲೂ ಜೋಪಾನವಾಗಿ ಹಿಡಿದ ಗಿಂಡಿ, ಬಾಯಿಗೆ ಬಾಳೆಲೆ ಕಟ್ಟಿದ್ದು. ದಾರಿಯುದ್ದಕ್ಕೂ ತುಳುಕದ ಹಾಗೆ ಹಿಡಿದುಕೊಂಡು ಬಂದವನ ಕೈ ಹಾಗೆಯೇ ಬಿಗಿದಿತ್ತು.

"ಕಣ್ಣ್ ಬಿಟ್ಟುಟ್ಟಾ?" ಎಂದು ಕೇಳಿದ.

"ಇಲ್ಲೆ ಮಾವ" ಎಂದ ಕುಶಾಲಪ್ಪ.

"ಮಾತ್?"

"ಇಲ್ಲೆ."

"ಉಸಿರ್?"

ಕುಶಾಲಪ್ಪ ಕೈಯಲ್ಲಿದ್ದ ಚೀಲ ತೋರಿಸಿದ.

"ಮೂರೂ ಆತ್" ಎಂದ ಮಾವ. "ಬಂದೂಕ್‌ಗೆ ಎಣ್ಣೆ ಹಾಕಿ, ಮನೆಲಿ ಹೇಳಿಟ್ಟ್ ಬಂದೆ. ಇನ್ನ್ ಅಕ್ಕ ಹೇಳಿದಂಗೆ ಮಾಡನ. ಆ ಚೀಲ ತೆಗಿ."

ಡಾಕ್ಟರು ಪರದೆ ಸರಿಸಿ ಒಳಗೆ ಬಂದರು. "ಏನದು?"

"ಕಾವೇರಿ ತೀರ್ಥ."

"ಒಳ್ಳೇದು. ಆ ಕಿಟಕಿ ಮೇಲಿಡಿ. ನಾಳೆ ಎದ್ದ ಮೇಲೆ ಕುಡೀಲಿ."

ಮಾವ ಅವರನ್ನು ನೋಡಿದ ನೋಟ! ಇಂಥ ತೀರ್ಥವನ್ನು ಎದ್ದ ಮೇಲೆ ಕಾಫಿಯ ಹಾಗೆ ಕುಡಿಯುವುದು ಎಲ್ಲಾದರೂ ಉಂಟೇ? ಅದು ಯಾವ ಹೊತ್ತಿನ ತೀರ್ಥ, ದೊಡ್ಡವ್ವ ಏನು ಹೇಳಿಟ್ಟಿದ್ದಾಳೆ ಎಂದು ನಾನು ಡಾಕ್ಟರಿಗೆ ವಿವರಿಸಿದೆ. ಅವರ ಮುಖದ ಬಣ್ಣ ಬದಲಾಯಿತು.

"ಆಕೆಗೆ ನುಂಗೋ ಶಕ್ತಿ ಇಲ್ಲ ಕಣ್ರೀ. ಒಂದು ಚಮಚ ಬಿಟ್ರೂ ನೇರ ಶ್ವಾಸಕೋಶಕ್ಕೆ ಹೋಗುತ್ತೆ. ಅದನ್ನ ಬಿಡೋಕೆ ಈ ಮುಖವಾಡ ಬೇರೆ ತೆಗೀಬೇಕು. ತೀರ್ಥ ಕೊಟ್ಟ ಹಾಗಲ್ಲ ಅದು, ಮುಳುಗಿಸಿದ ಹಾಗೆ."

ಮಾವ ಅವರೊಡನೆ ಪೇಟೆಯ ಕನ್ನಡದಲ್ಲಿ ಮಾತಾಡಿದ. "ಡಾಕ್ಟ್ರೇ, ನೀವು ಅಕ್ಕನನ್ನು ಉಳಿಸ್ತೇನೆ ಅಂತ ಮಾತು ಕೊಡ್ತೀರಾ?"

ಡಾಕ್ಟರು ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. "ಇಲ್ಲ. ಬದುಕ್ತಾರೆ ಅಂತ ನನಗೆ ಅನ್ಸುತ್ತೆ. ಅಷ್ಟೇ ಹೇಳಬಲ್ಲೆ."

"ನಮ್ಮ ಭಾವ ಇದ್ದಾಗಲೂ ಇಲ್ಲಿಯ ಡಾಕ್ಟ್ರಿಗೆ ಹಾಗೇ ಅನಿಸಿತ್ತು. ಅನಿಸ್ತಾ ಅನಿಸ್ತಾ ಭಾವ ಹೋದ್ರು. ನಾನು ಇದೇ ಗಿಂಡಿ ಹಿಡ್ಕೊಂಡು ಆ ಬಾಗಿಲಲ್ಲಿ ನಿಂತಿದ್ದೆ."

ಓದುಗರೇ, ಮಾವನನ್ನು ಕಟುಕ ಎಂದು ತಿಳಿಯಬೇಡಿ. ಆ ಪರದೆಯೊಳಗೆ ದೊಡ್ಡವ್ವನ ಮಾತನ್ನು ನಡೆಸಲೇಬೇಕೆಂದು ಬಂದಿದ್ದವನು ಅವನೊಬ್ಬನೇ. ಒಮ್ಮೆ ತಡ ಮಾಡಿದವನಿಗೆ ಇನ್ನೊಮ್ಮೆ ತಡ ಮಾಡುವ ಧೈರ್ಯ ಬರುವುದಿಲ್ಲ.

ಡಾಕ್ಟರು ಬಾಗಿ ದೊಡ್ಡವ್ವನ ಕಿವಿಯ ಬಳಿ, "ಅಮ್ಮಾ, ಕೇಳಿಸಿದ್ರೆ ಬೆರಳು ಅಲ್ಲಾಡ್ಸಿ" ಎಂದರು. ಬೆರಳು ಅಲ್ಲಾಡಲಿಲ್ಲ. ವಿಷ ಬೆರಳಿಗೂ ಇಳಿದಿತ್ತು.

ಮಾವ ನನ್ನ ಕಡೆ ತಿರುಗಿದ. "ನೀ ಓದಿದಂವ. ನಿನ್ನ ಎದುರೇ ಹೇಳ್ತಲ್ಲ ಅಕ್ಕ. ಹೇಳ್, ಹೌದಾ ಅಲ್ಲನಾ?"

ಆಗ ನನ್ನ ತಲೆಯಲ್ಲಿ ಏನೇನು ಓಡಿತು ಎಂದು ಪ್ರಾಮಾಣಿಕವಾಗಿ ಹೇಳಲಾರೆ. ಆಮೇಲೆ ಯೋಚಿಸಿದ್ದನ್ನೆಲ್ಲ ಆಗಲೇ ಯೋಚಿಸಿದೆ ಎಂದು ಬರೆಯುವುದು ನಮ್ಮಂಥವರ ಚಾಳಿ. ದೊಡ್ಡವ್ವ ಆ ಮಾತು ಹೇಳಿದ್ದು ನಿಜವಾಗಿ ನನಗೆ ನೆನಪಿತ್ತೇ? ಅಥವಾ ಮಾವ ಅದನ್ನು ಹತ್ತು ಕಡೆ ಹೇಳಿದ್ದು ಕೇಳಿ ನನ್ನ ನೆನಪಾಗಿತ್ತೇ? "ಡಾಕ್ಟ್ರು ಬೇಡ" ಎಂದದ್ದು ಅವಳೋ, ಅವನೋ? ಗೊತ್ತಿಲ್ಲ. ಆದರೆ ಪ್ರಶ್ನೆ ಸರಳವಾಗಿತ್ತು. ಹೇಳಿದ್ದಳೋ, ಇಲ್ಲವೋ.

"ಹೌದು, ಹೇಳಿದ್ದುಂಟು" ಎಂದೆ.

ಕುಶಾಲಪ್ಪನ ಕೈ ನಿಧಾನವಾಯಿತು. ಅವನು ಒಳ್ಳೆಯ ಮಗ. ತಾಯಿಯ ಮಾತನ್ನು ಒಂದು ದಿನವೂ ಮೀರಿದವನಲ್ಲ. ಆ ಹೊತ್ತಿಗೆ ಅದೇ ನನಗೆ ಭಯ ಹುಟ್ಟಿಸಿತು.

ದೊಡ್ಡವ್ವನ ಕಾಲ ಬಳಿ ಕುಳಿತಿದ್ದ ಲೀಲಾವತಿ ಎದ್ದಳು. ಗಂಡನ ಕೈಯಿಂದ ಚೀಲ ಕಿತ್ತುಕೊಂಡು ತಾನೇ ಒತ್ತತೊಡಗಿದಳು. ಒತ್ತುತ್ತಲೇ ಮಾತಾಡಿದಳು.

"ಅತ್ತೆ ಹೇಳಿದ್ದ್ ನಾನೂ ಕೇಳ್ದೆ, ಮಾವ. ವರ್ಷ ವರ್ಷ ಕೇಳ್ದೆ. ಸಾಯುವಾಗ ತೀರ್ಥ ಬಿಡಿ ಅಂತ ಹೇಳ್ತ್. ತೀರ್ಥ ಬಿಟ್ಟ್ ಸಾಯ್ಸಿ ಅಂತ ಹೇಳಿತಿಲ್ಲೆ."

"ಹೊತ್ತ್ ಬಂದುಟ್ಟು ಲೀಲ. ಅಕ್ಕ ಹೇಳಿದ ಮೂರೂ ಗುರ್ತ್ ಆತಲ್ಲ."

"ಗುರ್ತ್ ಸರ್ಪಂದ್. ಅತ್ತೆದಲ್ಲ."

ಅವಳ ಕೈಯಲ್ಲಿ ಚೀಲ ಉಸ್ಸೆನ್ನುತ್ತಿತ್ತು.

"ಆ ಗಿಂಡಿ ನಂಗೆ ಕೊಡಿ" ಎಂದಳು ಲೀಲಾವತಿ. "ಹೊತ್ತ್ ಬಂತ್ ಅಂತ ನಂಗೆ ಕಂಡರೆ ನಾನೇ ಬಿಡ್ನೆ. ನಿಮಗೂ ಕೇಳೂದು ಬೇಡ, ಡಾಕ್ಟ್ರಿಗೂ ಕೇಳೂದು ಬೇಡ. ತಡ ಆದರೆ ಪಾಪ ನಂಗಿರ್ಲಿ."

ಮಾವ ಅವಳನ್ನು ನೋಡಿದ. ಗಿಂಡಿಯನ್ನು ನೋಡಿದ. ಕೊಟ್ಟ. ಕೊಟ್ಟ ಮೇಲೆ ಅವನ ಭುಜ ಇಳಿದ ರೀತಿ ನೋಡಿದರೆ, ಕೊಡಲು ಯಾರಾದರೂ ಸಿಗಲಿ ಎಂದೇ ಅವನು ಊರಿನಿಂದ ಹೊತ್ತು ತಂದಿದ್ದನೇನೋ ಅನಿಸಿತು. (ಇದು ನನ್ನ ಊಹೆ. ಕೇಳಿದರೆ ಅವನು ಒಪ್ಪುವುದಿಲ್ಲ.)

ನರ್ಸಮ್ಮ ಚೀಲ ತೆಗೆದುಕೊಂಡರು. ಲೀಲಾವತಿ ಗಿಂಡಿಯನ್ನು ಮಡಿಲಲ್ಲಿಟ್ಟುಕೊಂಡು ದೊಡ್ಡವ್ವನ ತಲೆಯ ಬಳಿ ಕುಳಿತಳು. ಆಗ ನರ್ಸಮ್ಮ ತಮ್ಮ ಮಲಯಾಳ ಬೆರೆತ ಕನ್ನಡದಲ್ಲಿ ಮೆಲ್ಲಗೆ ಹೇಳಿದರು, "ಇನ್ನ್ ಹೊರಗೆ ಹೋಗಿ ಮಾತಾಡಿ. ಅಮ್ಮಂಗೆ ಎಲ್ಲ ಕೇಳ್ತದೆ."

"ಕೇಳ್ತದಾ?" ಎಂದ ಮಾವ.

"ಈ ವಿಷ ಬುದ್ಧಿಗೆ ಏನೂ ಮಾಡಲ್ಲ" ಎಂದರು ಡಾಕ್ಟರು. "ಉತ್ತರ ಕೊಡೋಕಾಗಲ್ಲ, ಅಷ್ಟೇ. ಎಲ್ಲಾ ಕೇಳಿಸ್ತಿರುತ್ತೆ ಅನ್ಕೊಂಡೇ ಮಾತಾಡಿ."

ಆಗ ನಮ್ಮ ಮುಖಗಳನ್ನು ನೀವು ನೋಡಬೇಕಿತ್ತು. ಬಂದಾಗಿನಿಂದ ಯಾರು ಏನು ಹೇಳಿದೆವು ಎಂದು ಪ್ರತಿಯೊಬ್ಬರೂ ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದೆವು. ಮಾವ ಬಿಳಿ ಬಟ್ಟೆಯ ಗಂಟನ್ನು ಕಾಲಿನಿಂದ ಮಂಚದ ಅಡಿಗೆ ತಳ್ಳಿದ. ಮುಚ್ಚಿದ ಕಣ್ಣಿಗೆ ಅದು ಕಾಣದು ಎಂದು ಅವನಿಗೆ ಹೊಳೆಯಲಿಲ್ಲ. ಆಮೇಲೆ ಅಕ್ಕನ ಕಾಲು ಮುಟ್ಟಿ, "ಅಕ್ಕ, ತಪ್ಪ್ ತಿಳ್ಕಬೇಡ" ಎಂದು ಹೊರಗೆ ಹೋಗಿ ಜಗಲಿಯಲ್ಲಿ ಕುಳಿತ.

ಆ ರಾತ್ರಿಯ ಬಗ್ಗೆ ಬರೆಯಲು ಏನೂ ಇಲ್ಲ. ಒತ್ತಿದೆವು. ಮಾವನೂ ಒಳಗೆ ಬಂದು ಒತ್ತಿದ.

ಮಾರನೆಯ ಬೆಳಿಗ್ಗೆ ಲೀಲಾವತಿ ಡಾಕ್ಟರನ್ನು ಕರೆದಳು. ದೊಡ್ಡವ್ವನ ಹುಬ್ಬು ಸ್ವಲ್ಪ ಗಂಟಿಕ್ಕಿತ್ತು. ಸಾರಿಗೆ ಉಪ್ಪು ಹೆಚ್ಚಾದಾಗ ಗಂಟಿಕ್ಕುತ್ತಿದ್ದ ಹಾಗೆಯೇ ಇತ್ತು ಎಂದಳು. ಮಧ್ಯಾಹ್ನದ ಹೊತ್ತಿಗೆ ಒಂದು ರೆಪ್ಪೆ ಗೆರೆಯಷ್ಟು ತೆರೆಯಿತು. ಆಮೇಲೆ ಡಾಕ್ಟರು ಚೀಲ ಒತ್ತುವುದನ್ನು ನಿಲ್ಲಿಸಿ ಕೈಯೆತ್ತಿ ನಮ್ಮನ್ನೆಲ್ಲ ಸುಮ್ಮನಿರಿಸಿದರು. ಕಾದೆವು. ಎದೆ ತಾನಾಗಿಯೇ ಎದ್ದಿತು. ಇಳಿಯಿತು. ಮತ್ತೆ ಎದ್ದಿತು.

ನಾನು ಜಗಲಿಗೆ ಹೋಗಿ ಕಂಬ ಹಿಡಿದು ನಿಂತೆ. ಡಾಕ್ಟರು ಹೊರಗೆ ಬಂದು ಮಫ್ಲರ್ ಬಿಚ್ಚಿ ಅದರಿಂದಲೇ ಮುಖ ಒರೆಸಿಕೊಂಡರು. "ಇಲ್ಲಿ ಕಾಫಿ ಎಲ್ಲಿ ಚೆನ್ನಾಗಿ ಸಿಗುತ್ತೆ?" ಎಂದು ಕೇಳಿದರು. ಕೊಡಗಿಗೆ ಬಂದು ಇಂಥ ಪ್ರಶ್ನೆ ಕೇಳಿದ ಮನುಷ್ಯನನ್ನು ಅಪ್ಪಿಕೊಳ್ಳಬೇಕೆನಿಸಿತು. ಅಪ್ಪಿಕೊಳ್ಳಲಿಲ್ಲ. ಕಾಫಿ ಕುಡಿಸಿದೆ.

ದೊಡ್ಡವ್ವನಿಗೆ ಮಾತು ಮರಳಿದ ದಿನ ನಾವೆಲ್ಲ ಸುತ್ತ ನಿಂತಿದ್ದೆವು. ಮೊದಲ ಮಾತು ಏನಿರಬಹುದು? ದೇವರ ಹೆಸರೇ? ಮಗನ ಹೆಸರೇ?

ಅವಳು ತಮ್ಮನನ್ನು ನೋಡಿದಳು. "ಬಂದೂಕ್‌ಗೆ ಎಣ್ಣೆ ಹಾಕಿ ಬಂದಿಯಾ?"

ಮಾವ ಕೆಮ್ಮಿದ. "ಹಂದಿ ಕಾಟ, ಅಕ್ಕ. ಗೆಣಸ್ ಅಗೆದ್ ಹಾಕ್ತುಟ್ಟು. ಹಂದಿಗೆ ಅಂತ."

"ಹಂದಿಗೆ ಬಿಳಿ ಬಟ್ಟೆನೂ ಬೇಕಾ?"

ನಾವು ನಕ್ಕೆವು. ಪರದೆಯ ಆಚೆ ಹೆತ್ತು ಮಲಗಿದ್ದ ಯಾರೋ ಹೆಂಗಸೂ ನಕ್ಕಳು. ಮಾವ ನಗಲು ಹೋಗಿ ಅತ್ತ.

ನನಗೆ ತಡೆಯಲಾಗಲಿಲ್ಲ. ಕೇಳಿಯೇಬಿಟ್ಟೆ. "ದೊಡ್ಡವ್ವ, ಎಲ್ಲವೂ ಕೇಳಿಸುತ್ತಿತ್ತಾ? ನಾವು ತೀರ್ಥದ ಮಾತಾಡುವಾಗ ನಿನಗೆ ಎಂತ ಅನಿಸಿತು?"

"ಎಂತ ಅನ್ನಿಸೂದು? ಭಯ ಆತ್. ಇಂವ ಎಲ್ಲಿ ಬಿಟ್ಟೇ ಬಿಡ್ತನಾ ಅಂತ ಭಯ ಆತ್."

"ನೀನೇ ಅಲ್ಲವಾ ವರ್ಷ ವರ್ಷ ಹೇಳಿದ್ದು?"

"ನಾನೇ ಹೇಳ್ದ್. ಈಗಲೂ ಹೇಳ್ನೆ. ನಂಗೆ ತೀರ್ಥ ಬೇಕ್. ಕೊಳವೆ ಹಾಕಿ ಎಳ್ಕಂಡ್ ಕೂರೂದು ಬೇಡ." ಉಸಿರು ತೆಗೆದುಕೊಂಡಳು, ಈಗ ಸ್ವಂತದ್ದು. "ಆದರೆ ಮೊನ್ನೆ ಬೇಡ ಇತ್ತ್."

ಇದು ಮಾತು ಬದಲಾಯಿಸಿದ್ದೇ? ಎರಡು ದಿನ ಯೋಚಿಸಿದೆ. ಅಲ್ಲ ಎಂದು ತೋರುತ್ತದೆ. ಚಾವಡಿಯಲ್ಲಿ ದೋಸೆ ತಿಂದು ಕೈ ತೊಳೆದು ಸಾವಿನ ಬಗ್ಗೆ ಹೇಳಿದವಳೂ ಅವಳೇ. ಮುಖವಾಡದ ಕೆಳಗೆ ಮಲಗಿ ಒಂದು ಉಸಿರಿಗಾಗಿ ಕಾದವಳೂ ಅವಳೇ. ಮೊದಲಿನವಳು ಬುದ್ಧಿವಂತೆ, ಎಲ್ಲ ಯೋಚಿಸಿಯೇ ಹೇಳಿದ್ದಳು. ಆದರೆ ಅವಳು ಯೋಚಿಸಿದ್ದು ಮುಪ್ಪಿನ ಬಗ್ಗೆ, ಗಂಡನ ಮೂಗಿನಲ್ಲಿದ್ದ ಕೊಳವೆಯ ಬಗ್ಗೆ. ಹುಲ್ಲಿನ ಮೆದೆಯೊಳಗಿನ ಹಾವಿನ ಬಗ್ಗೆ ಅಲ್ಲ. ಯಾರು ತಾನೇ ಯೋಚಿಸಿಯಾರು?

"ಹಾಗಾದರೆ ಮುಂದೆ ಯಾವಾಗ ಅಂತ ನಮಗೆ ಗೊತ್ತಾಗೂದು ಹೇಗೆ?" ಎಂದ ಮಾವ. ಪಾಪ, ಅವನಿಗೆ ಇದು ಇತ್ಯರ್ಥವಾಗಬೇಕಿತ್ತು.

"ನಿಮಗೆ ಗೊತ್ತಾಗೂದು ಬೇಡ. ಲೀಲ ಹೇಳ್ಲಿ."

ಅಲ್ಲಿದ್ದವರಲ್ಲಿ ಎಲ್ಲರಿಗಿಂತ ಗಾಬರಿಯಾದವಳು ಲೀಲಾವತಿ. "ನಂಗೆ ಬೇಡ ಅತ್ತೆ ಈ ಯಜಮಾನಿಕೆ. ನಿಮ್ಮ ಮಗ ಇಲ್ವಾ?"

"ಕುಶಾಲ ನಾ ಹೇಳಿದ್ ಮೀರುವಂವ ಅಲ್ಲ. ತಮ್ಮ ನಾ ಹೇಳಿದ್ ಮರೆಯುವಂವ ಅಲ್ಲ. ಇಬ್ಬರೂ ಸೇರಿ ಮೊನ್ನೆ ನನ್ನ ಕಳ್ಸಿಕೆ ಹೊರಟಿದ್ದೊ. ನೀ ಎಲ್ಲದ್ಕೂ ನಂಗೆ ಎದುರ್ ಮಾತಾಡ್ತಿಯ, ಇದ್ಕೂ ಆಡ್."

"ಮತ್ತೆ ಬಿಡುವ ಹೊತ್ತು ಬಂದರೆ?" ಲೀಲಾವತಿಯ ದನಿ ಸಣ್ಣದಾಯಿತು.

"ಬಂದರೆ ಬಿಡ್. ಅಳ್ತಾ ಕೂರ್ಬೇಡ."

ಸೊಸೆ ಅತ್ತೆಯ ದಿಂಬು ಸರಿಮಾಡಿದಳು. ಅತ್ತೆ, ಹಾಗಲ್ಲ ಹೀಗೆ ಎಂದಳು. ಅಲ್ಲಿಗೆ ಒಪ್ಪಂದವಾಯಿತು ಎಂದು ತಿಳಿದೆ.

ನಾನು ಸುಮ್ಮನಿರಬಹುದಿತ್ತು. "ಮತ್ತೆ ನಾನು, ದೊಡ್ಡವ್ವ? ನಾನೂ ಇದ್ದೆನಲ್ಲ?"

"ನೀನಾ?" ಎಂದು ನನ್ನನ್ನು ಮರುಕದಿಂದ ನೋಡಿದಳು. "ನಾ ಎಂತ ಹೇಳಿದ್ದ್ ಅಂತ ನೀ ಯೋಚ್ನೆ ಮಾಡಿ ಮುಗ್ಸುವಾಗ ನನ್ನ ತಿಥಿ ಊಟನೂ ಮುಗ್ದಿರ್ತದೆ, ಮಗ."

ಅವಮಾನವಾಯಿತೇ? ಆಗಲಿಲ್ಲ. ಮನೆಗೆ ನಡೆದು ಬರುವಾಗ ನನಗಾದದ್ದು ಬರೀ ನಿರಾಳ. ದೊಡ್ಡವ್ವ ಉಳಿದಳು ಎಂಬ ನಿರಾಳ ಮುಕ್ಕಾಲು ಭಾಗ. ಆ ಗಿಂಡಿ ನನ್ನ ಮಡಿಲಿಗೆ ಬೀಳಲಿಲ್ಲ ಎಂಬ ನಿರಾಳ ಉಳಿದ ಕಾಲು. ಇದನ್ನು ಒಪ್ಪಿಕೊಳ್ಳದಿದ್ದರೆ ಅಂಕಣ ಬರೆದು ಪ್ರಯೋಜನವೇನು?

ಒಂದು ಮಾತು ಮಾತ್ರ ತಲೆಯಿಂದ ಹೋಗುತ್ತಿಲ್ಲ. ಮದರಾಸಿನಲ್ಲಿ ಓದುತ್ತಿದ್ದಾಗ ಪತ್ರಿಕೆಯಲ್ಲಿ ಒಂದು ಚಿತ್ರ ನೋಡಿದ್ದೆ. ಹೊರದೇಶದ ಆಸ್ಪತ್ರೆಯಲ್ಲಿ ರೋಗಿಯನ್ನು ಕಬ್ಬಿಣದ ಪೆಟ್ಟಿಗೆಯೊಳಗೆ ಮಲಗಿಸಿದ್ದಾರೆ, ಪೆಟ್ಟಿಗೆಯೇ ಅವನ ಪರವಾಗಿ ಉಸಿರಾಡುತ್ತದೆ. ಇಂದಲ್ಲ ನಾಳೆ ಅಂಥದ್ದು ನಮ್ಮಲ್ಲಿಗೂ ಬರುತ್ತದೆ. ಬರಲಿ. ಆದರೆ ನಮ್ಮ ಕೈಗೆ ನೋವಾಗುತ್ತಿತ್ತು. ಎಷ್ಟು ಹೊತ್ತು ಒತ್ತಬೇಕು, ಯಾಕೆ ಒತ್ತುತ್ತಿದ್ದೇವೆ ಎಂದು ಆ ನೋವೇ ಮತ್ತೆ ಮತ್ತೆ ಕೇಳುತ್ತಿತ್ತು. ಯಂತ್ರಕ್ಕೆ ನೋಯುವುದಿಲ್ಲ. ಅದರ ಪಕ್ಕದಲ್ಲಿ ನಿಂತು ಸಾಕು ಎನ್ನುವವರು ಯಾರು? ಇನ್ನೂ ಸಾಲದು ಎನ್ನುವವರು ಯಾರು? ಡಾಕ್ಟರೇ? ಅವರಿಗೆ ದೊಡ್ಡವ್ವನ ದೇಹ ಗೊತ್ತಿತ್ತು, ದೊಡ್ಡವ್ವ ಗೊತ್ತಿರಲಿಲ್ಲ. ನಮಗೆ ಅವಳ ಮಾತು ಗೊತ್ತಿತ್ತು, ಆ ಮಾತು ಅಂದಿನ ಮಟ್ಟಿಗೆ ಅವಳನ್ನೇ ಮುಳುಗಿಸುವುದರಲ್ಲಿತ್ತು.

ಹಾಗೆಂದು ಏನೂ ಹೇಳಿಡಬೇಡಿ ಎನ್ನುತ್ತಿಲ್ಲ. ಹೇಳಿಡಿ. ದೊಡ್ಡಪ್ಪ ಒಂದು ಮಾತು ಹೇಳಿಟ್ಟಿದ್ದರೆ, ಅದನ್ನು ಎತ್ತಿ ಆಡುವವರು ಒಬ್ಬರಾದರೂ ಇದ್ದಿದ್ದರೆ, ಅವರ ಕೊನೆ ಹಾಗಾಗುತ್ತಿರಲಿಲ್ಲ. ದೊಡ್ಡವ್ವ ಹೇಳಿಟ್ಟಿದ್ದಳು, ಸರಿಯಾಗಿಯೇ ಹೇಳಿಟ್ಟಿದ್ದಳು. ಆ ಮಾತನ್ನು ಯಾರ ಕೈಗೆ ಕೊಡುತ್ತಿದ್ದೇನೆ ಎಂಬುದೊಂದನ್ನು ಬಿಟ್ಟು.

ಇಷ್ಟೆಲ್ಲ ತಿಳಿದುಕೊಂಡ ಹುಮ್ಮಸ್ಸಿನಲ್ಲಿ ಮನೆಗೆ ಬಂದವನೇ ಹೆಂಡತಿಯನ್ನು ಕೂರಿಸಿಕೊಂಡೆ. ನನಗೆ ಹೀಗಾದರೆ ಹೀಗೆ ಮಾಡು, ಹಾಗಾದರೆ ಹಾಗೆ ಮಾಡು, ನಿರ್ಧಾರವೆಲ್ಲ ನಿನ್ನದೇ ಎಂದು ಸಾಕಷ್ಟು ಹೊತ್ತು ಹೇಳಿದೆ. ಅವಳು ಸೊಪ್ಪು ಸೋಸುತ್ತಾ ಕೊನೆಯವರೆಗೂ ಕೇಳಿದಳು.

"ನಿಮ್ಮದು ಆಯ್ತಲ್ಲ" ಎಂದಳು. "ನಂಗೆ ಹಾಗಾದರೆ ಯಾರು ಹೇಳಬೇಕು ಅಂತ ಒಂದು ದಿನವಾದರೂ ಕೇಳಿದ್ದೀರಾ?"

ಕೇಳಿರಲಿಲ್ಲ. ನೀವು ಕೇಳಿದ್ದೀರಾ?